ಅಪ್ಪನ ದಾರಂದದ ಮೊಳೆ

ಹೊಳೆಗೆ ಕಾಲುಸೇತುವೆ ಬೇಕೆಂಬ ಅರ್ಜಿಯನ್ನು ಬರೆದವಳು ನಾನೇ. ಊರಿನಲ್ಲಿ ಕನ್ನಡ ಟೀಚರಾಗಿ ನಿವೃತ್ತಿಯಾದವರಿಗೆ ಇದು ತಪ್ಪಿದ್ದಲ್ಲ. ಪಂಪ್‌ಸೆಟ್ಟಿನ ಅರ್ಜಿ, ವಿಧವಾ ವೇತನದ ಮನವಿ, ಮದುವೆಯ ಕಾಗದದ ಒಕ್ಕಣೆ, ಎಲ್ಲದಕ್ಕೂ ನಮ್ಮ ಜಗಲಿಗೇ ಬರುತ್ತಾರೆ. "ಟೀಚರ್, ನಾಲ್ಕು ಗೆರೆ ಬರೆದು ಕೊಡಿ" ಎನ್ನುತ್ತಾರೆ. ನಾಲ್ಕು ಗೆರೆ ಎಂದವರ ವಿಷಯ ಎರಡು ಪುಟಕ್ಕಿಂತ ಕಡಿಮೆಯಲ್ಲಿ ಮುಗಿದದ್ದಿಲ್ಲ. ಈ ಅರ್ಜಿಯೂ ಎರಡು ಪುಟವೇ ಆಯಿತು. ಮೂರನೆಯ ಪ್ಯಾರಾದಲ್ಲಿ ನಾನು ಬರೆದದ್ದು ನನ್ನ ತಂಗಿಯ ಗಂಡನ ಸಾವನ್ನು. ಕಳೆದ ಮಳೆಗಾಲದಲ್ಲಿ ಗ್ರಾಮದ ಒಬ್ಬರು ಹೊಳೆ ದಾಟಲಾಗದೆ, ಸಕಾಲದಲ್ಲಿ ಆಸ್ಪತ್ರೆ ತಲುಪದೆ ಮೃತಪಟ್ಟಿರುತ್ತಾರೆ ಎಂದು. ಬರೆದು, ಓದಿ, 'ಸಕಾಲದಲ್ಲಿ' ಎಂಬುದನ್ನು 'ಸಕಾಲಕ್ಕೆ' ಎಂದು ತಿದ್ದಿ, ಕೆಳಗೆ ಸಹಿಗೆ ಜಾಗ ಬಿಟ್ಟೆ. ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ.

ನಮ್ಮದು ಬಂಟ್ವಾಳ ತಾಲೂಕು. ಹೊಳೆಯ ಈಚೆ ನಮ್ಮ ಮನೆ. ಅಲ್ಲಿಂದ ಗದ್ದೆಯ ಬದಿಯಲ್ಲಿ ನಡೆದರೆ ಹೆದ್ದಾರಿ, ಫರಂಗಿಪೇಟೆಯ ಅಂಗಡಿಗಳು, ಆಸ್ಪತ್ರೆ, ಬಸ್ಸು. ಆಚೆ ದಡದಲ್ಲಿ ದೊಡ್ಡ ಬೈಲು. ಮಳೆಗಾಲದಲ್ಲಿ ನೇತ್ರಾವತಿ ತನ್ನ ಜಾಗವೆಂದು ಹರಡಿಕೊಳ್ಳುವ ತಗ್ಗಿನ ಗದ್ದೆಗಳು ಅವು. ಆ ಬೈಲು ಮುಗಿದು ನೆಲ ಸ್ವಲ್ಪ ಏರುವಲ್ಲಿ ನನ್ನ ತಂಗಿಯ ಮನೆ. ನಮ್ಮ ಅಂಗಳದ ತುದಿಯಲ್ಲಿ ನಿಂತರೆ ಅವಳ ಮಾಡಿನ ಹಂಚು ಕಾಣುತ್ತದೆ. ಬೇಸಿಗೆಯಲ್ಲಿ ದೋಣಿ ಉಂಟು. ಮಳೆ ಹಿಡಿದರೆ ಪಾಣೆಮಂಗಳೂರಿನ ಮೇಲಿಂದ ಸುತ್ತಿ, ಎರಡು ಬಸ್ಸು ಹತ್ತಿ, ಕಣ್ಣೆದುರಿಗೆ ಇರುವ ಮನೆಗೆ ಹೋಗಲು ಅರ್ಧ ದಿನ ಕಳೆಯಬೇಕು.

ಭಾವ, ಅಂದರೆ ತಂಗಿಯ ಗಂಡ, ಕೆಂಪುಕಲ್ಲಿನ ಮೇಸ್ತ್ರಿ. ಊರವರ ಮನೆ ಕಟ್ಟುತ್ತ ಕಟ್ಟುತ್ತ, ಭಾನುವಾರಗಳಲ್ಲಿ ತನ್ನ ಮನೆಯನ್ನೂ ತಾನೇ ಕಟ್ಟಿಕೊಂಡವರು. ಆರು ವರ್ಷ ಹಿಡಿಯಿತು. ತಂಗಿ ಬೀಡಿ ಕಟ್ಟುತ್ತಾಳೆ. ಆ ಆರು ವರ್ಷವೂ ಬೀಡಿಯ ಮೊರವನ್ನು, ನಮ್ಮ ತಡ್ಪೆಯನ್ನು, ತೊಡೆಯ ಮೇಲಿಟ್ಟುಕೊಂಡು ಗೋಡೆ ಏರುವುದನ್ನು ನೋಡಿದವಳು. ಅವರಿಗೆ ಒಬ್ಬನೇ ಮಗ. ಅವನು ದುಬೈಯಲ್ಲಿ ಏಸಿ ರಿಪೇರಿ ಕೆಲಸದಲ್ಲಿದ್ದಾನೆ.

ಅವತ್ತು ಬೆಳಿಗ್ಗೆ ಹತ್ತು ಗಂಟೆಗೆ ತಂಗಿ ಫೋನ್ ಮಾಡಿ, ಇವರಿಗೆ ಎದೆ ಒತ್ತುತ್ತಿದೆ ಎಂದಳು. ನಾನು ಈಚೆ ದಡದಲ್ಲಿ ಆಟೋ ನಿಲ್ಲಿಸಿಕೊಂಡು ದೋಣಿ ಕಟ್ಟುವ ಕಡವಿಗೆ ಓಡಿದೆ. ಹೊಳೆ ಕೆಂಪಗೆ, ತುಂಬಿ, ಮರದ ಬೊಡ್ಡೆಗಳನ್ನು ಎಳೆದುಕೊಂಡು ಹೋಗುತ್ತಿತ್ತು. ದೋಣಿಯ ಬ್ಯಾರಿ ಸಾಹೇಬರು ಹಗ್ಗಕ್ಕೆ ಕೈ ಹಾಕಿ ನೋಡಿ, ಕೈ ತೆಗೆದರು. "ಆಗುದಿಲ್ಲ ಟೀಚರ್. ಹೋದ್ರೆ ನಾನೂ ಹೋಗ್ತೇನೆ, ಅವ್ರೂ ಹೋಗ್ತಾರೆ." ನಾನು ಅವರಿಗೆ ಹೇಳಬಾರದ್ದನ್ನೆಲ್ಲ ಹೇಳಿದೆ. ಪಾಪ, ಅವರು ತಲೆಗೆ ಕಟ್ಟಿದ ವಸ್ತ್ರವನ್ನು ಬಿಚ್ಚಿ ಮುಖ ಒರೆಸಿಕೊಂಡರು. ನಾನೇ ಫೋನಿನಲ್ಲಿ ತಂಗಿಗೆ, ಸುತ್ತಿ ಬನ್ನಿ, ಅಲ್ಲೇ ಆಟೋ ಹಿಡಿಯಿರಿ ಎಂದೆ. ಅಲ್ಲಿ ಆಟೋ ಬರಲು ಒಂದು ಗಂಟೆ ಆಯಿತು. ಭಾವ ದಾರಿಯಲ್ಲೇ ಹೋದರು. ನಾನು ಆಸ್ಪತ್ರೆಯ ಬಾಗಿಲಲ್ಲಿ ವೀಲ್‌ಚೇರ್ ಹಿಡಿದು ನಿಂತಿದ್ದೆ. ಮಗನಿಗೆ ವಿಮಾನ ಸಿಕ್ಕಿ ಬರುವಾಗ ಎಲ್ಲ ಮುಗಿದು ಎರಡು ದಿನ ಆಗಿತ್ತು.

ಅಂದಿನಿಂದ ನನಗೆ ಒಂಥರಾ ಆಗಿದೆ. ತುಂಬಾ ಹೊತ್ತು ಚಕ್ಕಳಮಕ್ಕಳ ಕುಳಿತು ಎದ್ದಾಗ ಕಾಲು ನಮ್ಮದಲ್ಲದ ಹಾಗೆ ಆಗುತ್ತದಲ್ಲ, ಹಾಗೆ. ಕಾಲಿನದಾದರೆ ತಟ್ಟಿದರೆ ಸರಿಹೋಗುತ್ತದೆ. ನನ್ನದು ಹೋಗಲಿಲ್ಲ. ಅಡುಗೆ ಮಾಡುತ್ತೇನೆ, ಉಣ್ಣುತ್ತೇನೆ, ಪೇಪರಿನಲ್ಲಿ ಅಕ್ಷರದ ತಪ್ಪು ಕಂಡರೆ ಬೈಯುತ್ತೇನೆ. ಬೈಗುಳ ಬಾಯಿಂದ ಬರುತ್ತದೆ, ಸಿಟ್ಟು ಮಾತ್ರ ಬರುವುದಿಲ್ಲ. ತಂಗಿಯ ಮನೆಗೆ ತಿಂಗಳಿಗೆ ಎರಡು ಸಲ ಹೋಗುತ್ತಿದ್ದೆ. ಮೀನು ತೆಗೆದುಕೊಂಡು ಹೋಗುವುದು, ಊಟ ಮಾಡುವುದು, ಬರುವುದು. ಅವಳು ಬೀಡಿ ಕಟ್ಟುತ್ತಿದ್ದಳು, ನಾನು ಎಲೆ ಕತ್ತರಿಸಿ ಕೊಡುತ್ತಿದ್ದೆ. ಇಬ್ಬರೂ ಸತ್ತವರ ಸುದ್ದಿ ಎತ್ತುತ್ತಿರಲಿಲ್ಲ. ಅದು ಒಳ್ಳೆಯದೆಂದೇ ನಾನು ತಿಳಿದಿದ್ದೆ.

ಅರ್ಜಿ ಹೋಗಿ ಒಂದೂವರೆ ವರ್ಷಕ್ಕೆ ಸೇತುವೆಯ ಸರ್ವೆಗೆ ಜನ ಬಂದರು. ನಾವು ನಂಬಿರಲಿಲ್ಲ. ಬಂದದ್ದು ಒಬ್ಬ ಮೂಡುಬಿದಿರೆ ಕಡೆಯ ಇಂಜಿನಿಯರ್, ಮೂವತ್ತು ದಾಟಿರದ ಹುಡುಗ, ಜೊತೆಗೆ ಉದ್ದದ ಅಳತೆ ಕೋಲು ಹಿಡಿಯುವ ಒಬ್ಬರು. ನಡೆದು ಹೋಗುವವರಿಗೆ ಮತ್ತು ಸೈಕಲಿನವರಿಗೆ ಮಾತ್ರ ಈ ಸೇತುವೆ, ಆಟೋ ಹೋಗುವುದಿಲ್ಲ ಎಂದು ಇಂಜಿನಿಯರ್ ಮೊದಲೇ ಹೇಳಿದ. ಊರವರಿಗೆ ಅದು ರುಚಿಸಲಿಲ್ಲ. ಆಟೋ ಹೋಗದ ಸೇತುವೆ ಎಂತ ಸೇತುವೆ ಮಾರಾಯ್ರೆ ಎಂದು ಕಡವಿನ ಹತ್ತಿರದ ಹೋಟೆಲಿನಲ್ಲಿ ಒಂದು ವಾರ ಅದೇ ಮಾತು. ನನಗೆ ಆಟೋ ಬೇಡವಿತ್ತು. ಒಂದು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತರೆ ಹದಿನೈದು ನಿಮಿಷದಲ್ಲಿ ಈಚೆ ದಡ. ಆಮೇಲೆ ಆಸ್ಪತ್ರೆ. ಈ ಲೆಕ್ಕವನ್ನು ನಾನು ಎಷ್ಟು ಸಲ ಮಾಡಿದ್ದೇನೋ.

ಸೇತುವೆ ಎಷ್ಟು ಎತ್ತರ ಬೇಕೆಂದು ತಿಳಿಯಬೇಕಾದರೆ ಹೊಳೆಯ ಅತಿ ದೊಡ್ಡ ನೆರೆ ಎಲ್ಲಿಯವರೆಗೆ ಬಂದಿತ್ತು ಎಂದು ತಿಳಿಯಬೇಕಂತೆ. ಅದಕ್ಕೆ ಆ ಹುಡುಗ ಮನೆಮನೆಗೆ ಹೋಗಿ ಕೇಳುತ್ತಿದ್ದ. ನಮ್ಮವರ ನೆನಪು ಕೇಳಬೇಕೇ! ಒಬ್ಬರು ಗುಡ್ಡದ ಬುಡದವರೆಗೆ ಎಂದರೆ ಇನ್ನೊಬ್ಬರು ತೆಂಗಿನ ಮರದ ಅರ್ಧಕ್ಕೆ ಎಂದರು. ಮತ್ತೊಬ್ಬರು ತಾವು ಆಗ ಹುಟ್ಟಿಯೇ ಇರಲಿಲ್ಲ ಎಂಬುದನ್ನು ಕೊನೆಗೆ ಒಪ್ಪಿಕೊಂಡರು. ಗುರುತು ಇದ್ದದ್ದು ಒಂದೇ ಕಡೆ, ನಮ್ಮ ಮನೆಯಲ್ಲಿ.

ನಮ್ಮ ಕಡೆ ಹೊಳೆಬದಿಯ ಮನೆಗಳಲ್ಲಿ ಇದೊಂದು ಕ್ರಮ ಇತ್ತು. ದೊಡ್ಡ ನೆರೆ ಬಂದು ಇಳಿದ ಮೇಲೆ ಮನೆಯ ಯಜಮಾನ ಎದುರಿನ ಬಾಗಿಲ ಚೌಕಟ್ಟಿಗೆ, ನಾವು ದಾರಂದ ಎನ್ನುತ್ತೇವೆ, ನೀರಿನ ಕಲೆ ಎಲ್ಲಿ ನಿಂತಿದೆಯೋ ಅಲ್ಲಿ ಒಂದು ಮೊಳೆ ಹೊಡೆಯುತ್ತಿದ್ದ. ಮುಂದಿನ ಮಳೆಗಾಲದಲ್ಲಿ ಅಕ್ಕಿಮುಡಿಯನ್ನು ಎಷ್ಟು ಎತ್ತರ ಇಡಬೇಕೆಂದು ತಿಳಿಯಲಿ ಎಂದು. ನಮ್ಮ ದಾರಂದಕ್ಕೆ ಅಪ್ಪ ಹೊಡೆದ ಹಿತ್ತಾಳೆ ಮೊಳೆ ಇಂದಿಗೂ ಉಂಟು. ಹೊಸ್ತಿಲಿನಿಂದ ಒಂದೂವರೆ ಅಡಿ ಮೇಲೆ.

ಆ ಹುಡುಗ ಬಂದ ದಿನ ನಾನು ಚಹಾ ಇಟ್ಟಿದ್ದೆ. ಮೊಳೆ ತೋರಿಸಿದೆ. ಅವನಿಗೆ ಖುಷಿಯೋ ಖುಷಿ; ಬಗ್ಗಿ ಬೆರಳಿನಿಂದ ಮುಟ್ಟಿ ನೋಡಿದ. ಇದು ಆ ದೊಡ್ಡ ನೆರೆಯದ್ದೇ ಅಲ್ವಾ ಟೀಚರ್ ಎಂದು ಕೇಳಿದ. ಹೌದು, ಅಪ್ಪ ನನ್ನ ಕಣ್ಣೆದುರೇ ಹೊಡೆದದ್ದು ಎಂದೆ. ಮನೆ ಎಷ್ಟು ಹಳತು ಎಂದ. ಅಪ್ಪನ ಮನೆ ಎಂದೆ. ಕೋಲು ಹಿಡಿಯುವವರು ಕೋಲನ್ನು ಹೊಸ್ತಿಲ ಮೇಲೆ ನಿಲ್ಲಿಸಿದರು. ಹುಡುಗ ಅಂಗಳದಾಚೆ ಮೂರು ಕಾಲಿನ ಯಂತ್ರದಲ್ಲಿ ಕಣ್ಣಿಟ್ಟು ಅಂಕಿ ಬರೆದುಕೊಂಡ. ಚಹಾ ಕುಡಿದು, ಬಹಳ ಉಪಕಾರ ಆಯ್ತು ಟೀಚರ್ ಎಂದು ಹೋದ. ನಾನು ಲೋಟ ತೊಳೆದಿಟ್ಟೆ.

ಆರು ತಿಂಗಳ ಮೇಲೆ ಪಂಚಾಯತಿಯ ಹಾಲಿನಲ್ಲಿ ನಕ್ಷೆ ಹಾಕಿ ಸಭೆ ಕರೆದರು. ತಂಗಿಯೂ ಸುತ್ತಿ ಬಂದಿದ್ದಳು, ನನ್ನ ಪಕ್ಕದಲ್ಲೇ ಕುಳಿತಿದ್ದಳು. ಗೋಡೆಯ ಮೇಲೆ ಸೇತುವೆ ನೀಲಿ ಗೆರೆಯಾಗಿ ಹೊಳೆ ದಾಟಿ, ಬೈಲನ್ನೂ ಕಂಬಗಳ ಮೇಲೆ ದಾಟಿ, ಆಚೆ ಬದಿಯಲ್ಲಿ ಮೆಲ್ಲಗೆ ಇಳಿಯುತ್ತಿತ್ತು. ಇಳಿಯುವ ಜಾಗದಲ್ಲಿ ಒಂದು ಕೆಂಪು ಚೌಕ. ಅದು ತಂಗಿಯ ಮನೆ. ಅದನ್ನು ತೆಗೆಯಬೇಕಾಗುತ್ತದೆ, ಪರಿಹಾರ ಕೊಡುತ್ತಾರೆ ಎಂದು ಇಂಜಿನಿಯರ್ ಹುಡುಗ ನೆಲ ನೋಡುತ್ತ ಹೇಳಿದ.

ನಾನು ಎದ್ದು ನಿಂತೆ. ಸಭೆಯಲ್ಲಿ ನಾನು ಎದ್ದರೆ ಜನ ಸುಮ್ಮನಾಗುತ್ತಾರೆ. ಅರ್ಧ ಜನ ನನ್ನ ಕೈಯಲ್ಲಿ ಪೆಟ್ಟು ತಿಂದವರು. ಯಾರ ಸಾವನ್ನು ಬರೆದು ಈ ಸೇತುವೆ ತಂದದ್ದೋ ಅವರ ಮನೆಯನ್ನೇ ಕೆಡವಲಿಕ್ಕೆ ನಿಮಗೆ ನಾಚಿಕೆ ಆಗುವುದಿಲ್ಲವಾ ಎಂದು ಕೇಳಿದೆ. ಸ್ವಲ್ಪ ಗಿಡ್ಡ ಮಾಡಿದರೆ ಯಾರ ಗಂಟು ಹೋಗುತ್ತದೆ ಎಂದೂ ಕೇಳಿದೆ. ಹುಡುಗ ಸಮಾಧಾನದಲ್ಲೇ ವಿವರಿಸಿದ. ಸೈಕಲ್ ತುಳಿಯುವವರಿಗೆ, ಮುದುಕರಿಗೆ ಏರು ಕಷ್ಟ ಆಗಬಾರದು. ಅದಕ್ಕೆ ಸೇತುವೆ ಒಂದು ಅಡಿ ಎತ್ತರವಾದರೆ ಇಳಿಜಾರು ಇಪ್ಪತ್ತು ಅಡಿ ಉದ್ದವಾಗಬೇಕು. ಎತ್ತರವನ್ನು ನಿರ್ಧರಿಸಿದ್ದು ನಾವಲ್ಲ, ನೆರೆ. "ನಿಮ್ಮ ಮನೆಯ ಮೊಳೆಯ ಲೆಕ್ಕವೇ ಇದು, ಟೀಚರ್. ನೀವೇ ತೋರಿಸಿದ್ದಲ್ವಾ?"

ತಂಗಿ ನನ್ನ ಸೆರಗು ಹಿಡಿದು ಎಳೆದಳು. "ಕೂತ್ಕೋ ಅಕ್ಕ. ಹೋದ್ರೆ ಹೋಗ್ಲಿ" ಎಂದಳು. ದುಃಖದಲ್ಲಿ ಹೇಳುತ್ತಿದ್ದಾಳೆ ಎಂದುಕೊಂಡು ನಾನು ಇನ್ನೂ ಜೋರು ಮಾಡಿದೆ.

ತಂಗಿಯ ಮಗನಿಗೆ ಸುದ್ದಿ ಮುಟ್ಟಿತು. ಅವನು ನನಗೆ ಫೋನ್ ಮಾಡಿ, ಅಪ್ಪ ಒಂದೊಂದೇ ಕಲ್ಲು ಇಟ್ಟು ಕಟ್ಟಿದ ಮನೆ ದೊಡ್ಡಮ್ಮ, ಅದೊಂದು ಉಳಿಯಬೇಕು, ನೀವು ಏನಾದರೂ ಮಾಡಿ ಎಂದು ಅತ್ತ. ಮಾಡುತ್ತೇನೆ ಎಂದು ಮಾತು ಕೊಟ್ಟೆ. ಏನು ಮಾಡುವುದೆಂದು ನನಗೆ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಂಗಳ ಗುಡಿಸಿ, ಸೊಂಟ ನೋವಾಗಿ, ಮೆಟ್ಟಿಲ ಮೇಲೆ ಕುಳಿತೆ. ಕೆಳಗಿನಿಂದ ಮೂರನೆಯ ಮೆಟ್ಟಿಲು. ಮೇಲಿನ ಮೆಟ್ಟಿಲಿಗೆ ಬೆನ್ನು ಆನಿಸಿದಾಗ, ಅಪ್ಪ ಮೊಳೆ ಹೊಡೆದ ದಿನ ನಾನು ಎಲ್ಲಿ ನಿಂತಿದ್ದೆ ಎಂದು ಸುಮ್ಮನೆ ನೆನಪಾಯಿತು. ಅಂಗಳದಲ್ಲಿ ನಿಂತಿದ್ದೆ. ಅಪ್ಪನಿಗೆ ಸುತ್ತಿಗೆ ಕೊಟ್ಟದ್ದು ನಾನೇ. ಅಂಗಳದಿಂದಲೇ ಕೈ ಚಾಚಿ ಕೊಟ್ಟಿದ್ದೆ, ಐದು ವರ್ಷದವಳು. ಆಗ ನಮ್ಮ ಮನೆಗೆ ಇದ್ದದ್ದು ಎರಡು ಮೆಟ್ಟಿಲು.

ಈಗ ಎಂಟು ಇವೆ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ನಾನು ನಿವೃತ್ತಳಾದ ವರ್ಷ ಮಣ್ಣಿನ ಹಳೆಮನೆಯನ್ನು ಬಿಚ್ಚಿಸಿ ಹೊಸದಾಗಿ ಕಟ್ಟಿಸಿದ್ದೆ. ಕಟ್ಟಿದ್ದು ಭಾವನೇ. "ಅಕ್ಕ, ಹೊಳೆಬದಿ. ಪಂಚಾಂಗ ಎತ್ತರ ಮಾಡುವ" ಎಂದು ನೆಲಗಟ್ಟನ್ನು ನಾಲ್ಕು ಅಡಿ ಏರಿಸಿದ್ದರು. ನಾನು ಹಳೆಯದೇನೂ ಹೋಗಬಾರದು ಎಂದು ಹಟ ಹಿಡಿದಿದ್ದೆ. ಅದೇ ಹಂಚು, ಅದೇ ಜಗಲಿಯ ಕಂಬ, ಅದೇ ಹಲಸಿನ ಮರದ ದಾರಂದ, ಮೊಳೆ ಸಮೇತ. ನಮ್ಮಲ್ಲಿ ಹೀಗೇ, ಮನೆ ಬದಲಾದರೂ ಎದುರಿನ ಬಾಗಿಲು ಬದಲಾಗಬಾರದು, ಅದನ್ನು ತೆಗೆದು ಹೊಸ ಗೋಡೆಗೆ ಕೂರಿಸಿಕೊಳ್ಳುತ್ತೇವೆ. ನೋಡಿದವರೆಲ್ಲ ಹಳೆಮನೆ ಹಾಗೇ ಉಂಟಲ್ಲ ಟೀಚರ್ ಎನ್ನುತ್ತಿದ್ದರು, ನಾನು ಉಬ್ಬುತ್ತಿದ್ದೆ. ಬಾಗಿಲು ಅಪ್ಪನದ್ದಾದ್ದರಿಂದ ಮನೆಯೂ ಅಪ್ಪನದ್ದೆಂದೇ ನನ್ನ ಬಾಯಿಗೆ ರೂಢಿ. ಮನೆ ಏರಿದಾಗ ದಾರಂದ ಏರಿತು, ಮೊಳೆಯೂ ಏರಿತು. ನೀರು ಮಾತ್ರ ಅಲ್ಲಿಗೆ ಯಾವತ್ತೂ ಬಂದಿರಲಿಲ್ಲ.

ಮನೆ ಹೊಸತು ಎಂದು ಊರಿಗೆಲ್ಲ ಗೊತ್ತು. ಮೊಳೆ ಹಳತು ಎಂದೂ ಗೊತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಬಹುದಾಗಿದ್ದ ಮನುಷ್ಯ ಒಬ್ಬರೇ ಇದ್ದರು, ಆ ದಾರಂದವನ್ನು ತೂಗುಗುಂಡು ಬಿಟ್ಟು ನೆಟ್ಟಗೆ ನಿಲ್ಲಿಸಿದವರು. ಅವರಿದ್ದಿದ್ದರೆ ಅಳತೆ ಕೋಲು ಹೊಸ್ತಿಲಿಗೆ ಬರುವ ಮೊದಲೇ ನಗುತ್ತಿದ್ದರು. ನಾಲ್ಕು ಅಡಿ, ಅಡಿಗೆ ಇಪ್ಪತ್ತರಂತೆ ಎಂಬತ್ತು. ತಂಗಿಯ ಮನೆ ಇದ್ದದ್ದು ಆ ಎಂಬತ್ತು ಅಡಿಯೊಳಗೆ.

ಮೂರು ದಿನ ಯಾರಿಗೂ ಹೇಳಲಿಲ್ಲ. ಹೆದರಿಕೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೆದರಿಕೆ ಆಗಲು ಒಳಗೆ ಏನಾದರೂ ಅಲುಗಬೇಕು. ಅಡುಗೆ ಮಾಡಿದೆ, ಉಂಡೆ, ಪಾತ್ರೆ ತೊಳೆದೆ. ಇಪ್ಪತ್ತೊಂಬತ್ತು ವರ್ಷ ಕೆಂಪು ಶಾಯಿಯಲ್ಲಿ ಪರರ ತಪ್ಪು ಹುಡುಕಿದವಳಿಗೆ ತನ್ನ ತಪ್ಪನ್ನು ಒಂದು ಮನೆಯ ಗಾತ್ರದಲ್ಲಿ ನೋಡಬೇಕಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡದ್ದು ಕೇಳಲು ಚೆನ್ನಾಗಿತ್ತು, ಅಷ್ಟೆ. ನಾಲ್ಕನೆಯ ದಿನ ಸೀರೆ ಉಟ್ಟು ಬಿ.ಸಿ. ರೋಡಿನ ಇಂಜಿನಿಯರ್ ಕಚೇರಿಗೆ ಹೋದೆ.

ಇಂಜಿನಿಯರ್ ಹುಡುಗ ನನ್ನನ್ನು ಕಂಡು, ಮತ್ತೆ ಜಗಳಕ್ಕೆ ಬಂದರೇನೋ ಎಂದು ಎದ್ದೇ ನಿಂತ. ನಾನು ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಅವನು ಪೆನ್ನನ್ನು ಮೇಜಿನ ಮೇಲಿಟ್ಟ. ನಕ್ಷೆಯನ್ನೂ ನನ್ನನ್ನೂ ನೋಡಿದ. "ಟೀಚರ್, ನೀವು ಹೇಳದಿದ್ರೆ ಇದು ಹಾಗೇ ಕಟ್ಟಿ ಆಗ್ತಿತ್ತು" ಎಂದ. ಬೈದಿದ್ದರೆ ಒಳ್ಳೆಯದಿತ್ತು. ಅವನು ಬೈಯಲಿಲ್ಲ. ಮರುವಾರ ಬಂದು, ಭಾವನ ಜೊತೆ ಕೆಲಸ ಮಾಡಿದ್ದ ಇಬ್ಬರು ಮೇಸ್ತ್ರಿಗಳನ್ನು ಕರೆಸಿ ಕೇಳಿ, ಪಂಚಾಂಗದ ಬದಿಯಲ್ಲಿ ಅಗೆಸಿ ಹಳೆಯ ನೆಲ ಎಲ್ಲಿತ್ತೆಂದು ನೋಡಿ, ಮತ್ತೆ ಅಳೆದ. ಸೇತುವೆ ನಾಲ್ಕು ಅಡಿ ತಗ್ಗಿತು. ಇಳಿಜಾರು ತಂಗಿಯ ಅಂಗಳದ ಬೇಲಿಯ ಹೊರಗೇ ಮುಗಿಯಿತು. ಹೊಸ ನಕ್ಷೆಯಲ್ಲಿ ಕೆಂಪು ಚೌಕ ಇರಲಿಲ್ಲ. ಅದಕ್ಕೆ ಮೇಲಿನವರ ಒಪ್ಪಿಗೆಯೂ ಸಿಕ್ಕಿತು ಎಂದು ಅವನೇ ಫೋನ್ ಮಾಡಿ ತಿಳಿಸಿದ.

ಅವತ್ತು ಶುಕ್ರವಾರ. ನಾನು ಬಿ.ಸಿ. ರೋಡಿನ ಹೋಟೆಲಿನಿಂದ ಬಿಸಿ ಗೋಳಿಬಜೆ ಕಟ್ಟಿಸಿಕೊಂಡು ತಂಗಿಯ ಮನೆಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಇವತ್ತಾದರೂ ಒಳಗೆ ಸ್ವಲ್ಪ ಏನಾದರೂ ಆಗಬಹುದು ಎಂದು ಕಾದೆ. ಖುಷಿಯಲ್ಲದಿದ್ದರೆ ಒಂದು ಹಗುರ. ಎಣ್ಣೆ ಕಾಗದದಿಂದ ಸೀರೆಗೆ ಹತ್ತಿತು.

ತಂಗಿ ಅಡುಗೆಮನೆಯ ಚಿಟ್ಟೆಯಲ್ಲಿ, ಗೋಡೆಗೆ ತಾಗಿದ ಗಿಡ್ಡ ಕಟ್ಟೆಯ ಮೇಲೆ, ಬೀಡಿ ಕಟ್ಟುತ್ತಿದ್ದಳು. ಅವಳ ಸುತ್ತ ಮನೆ ಅರ್ಧ ಖಾಲಿಯಾಗಿತ್ತು. ಕಂಚಿನ ಹಂಡೆ, ಕೊಡಪಾನಗಳನ್ನು ಗೋಣಿಯಲ್ಲಿ ಹಾಕಿ ಬಾಯಿ ಹೊಲಿದಿದ್ದಳು. ಭಾವನ ಅಂಗಿಗಳು ಒಂದು ಚೀಲದಲ್ಲಿ, ಕರಣೆ, ತೂಗುಗುಂಡು ಇನ್ನೊಂದು ಚೀಲದಲ್ಲಿ. ಮಲ್ಲಿಗೆ ಗಿಡಗಳನ್ನು ಪಕ್ಕದ ಮನೆಯವರಿಗೆ ಕೊಟ್ಟಾಗಿತ್ತು. ಇಷ್ಟು ಬೇಗ ಯಾಕೆ ಮಾಡಿದೆ ಮಾರಾಯ್ತಿ ಎಂದು ನಾನು ನಗುವ ಪ್ರಯತ್ನ ಮಾಡಿದೆ. ಆಮೇಲೆ ಹೇಳಿದೆ. ಮೊಳೆ, ಮೆಟ್ಟಿಲು, ನಾಲ್ಕು ಅಡಿ, ನನ್ನ ತಪ್ಪು, ಎಲ್ಲ. ನಿನ್ನ ಮನೆ ಉಳಿಯಿತು ಎಂದೆ.

ಅವಳ ಕೈ ನಿಲ್ಲಲಿಲ್ಲ. ಎಲೆ ಸುರುಳಿ ಮಾಡಿ, ನೂಲು ಸುತ್ತಿ, ತುದಿ ಮಡಚಿ ತಡ್ಪೆಗೆ ಹಾಕಿದಳು. ಇನ್ನೊಂದು ತೆಗೆದುಕೊಂಡಳು. ಅದನ್ನೂ ಮುಗಿಸಿದಳು. ನಮ್ಮ ಮಾತು ತುಳುವಿನಲ್ಲಿ. ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಉಳಿಸು ಅಂತ ನಿನಗೆ ಯಾರು ಹೇಳಿದ್ದು ಅಕ್ಕ?"

ನಿನ್ನ ಮಗ ಹೇಳಿದ್ದು ಎಂದೆ.

"ಅವನು ಹೇಳ್ತಾನೆ. ಅವನು ದುಬೈಯಲ್ಲಿ ಇರುದು. ಇಲ್ಲಿ ಇರುದು ನಾನು." ಅವಳು ತಡ್ಪೆಯನ್ನು ಕೆಳಗಿಟ್ಟಳು. ಅವಳು ಮಾತಾಡುವಾಗ ತಡ್ಪೆ ಕೆಳಗಿಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. "ಆ ದಿನ ಆಟೋ ಬರುವವರೆಗೆ ಒಂದು ಗಂಟೆ ಅವರನ್ನು ಎದುರಿನ ಜಗಲಿಯಲ್ಲಿ ಮಲಗಿಸಿದ್ದೆ. ನನ್ನ ಕೈ ಹಿಡ್ಕೊಂಡು, ಅಕ್ಕ ದೋಣಿ ತಕ್ಕೊಂಡು ಬರ್ತಾರಾ ನೋಡು, ನೋಡು ಅಂತ ಹೇಳ್ತಾ ಇದ್ರು. ನಾನು ಹೊಳೆ ನೋಡ್ತಾ ಇದ್ದೆ. ಅವರ ಮುಖ ನೋಡ್ಲಿಕ್ಕೆ ಆಗ್ಲಿಲ್ಲ. ಎರಡು ವರ್ಷ ಮೇಲಾಯ್ತು, ನಾನು ಆ ಜಗಲಿಗೆ ಕಾಲಿಡ್ಲಿಲ್ಲ. ಹಿಂದಿನ ಬಾಗಿಲಿಂದಲೇ ಹೋಗುದು, ಬರುದು. ನಿನಗೆ ಕಾಣ್ಲಿಲ್ವಾ?"

ಕಾಣಲಿಲ್ಲ. ಎರಡು ವರ್ಷಕ್ಕೂ ಮೇಲೆ, ತಿಂಗಳಿಗೆ ಎರಡು ಸಲ, ಅವಳು ನನ್ನನ್ನೂ ಹಿಂದಿನ ಬಾಗಿಲಿನಿಂದಲೇ ಒಳಗೆ ಕರೆದಿದ್ದಳು. ಮೀನು ತಂದದ್ದಕ್ಕೆ ಹಾಗೆ ಎಂದು ನಾನು ತಿಳಿದಿದ್ದೆ.

ಹಾಗಾದರೆ ಬಿಟ್ಟು ನಮ್ಮಲ್ಲಿಗೆ ಬರಬಹುದಿತ್ತಲ್ಲ, ಒಂದು ಕೋಣೆ ಖಾಲಿಯೇ ಉಂಟಲ್ಲ ಎಂದೆ. ಈ ಮಾತನ್ನು ಅವಳಿಗೆ ನಾನು ಹೇಳಿದ್ದು ಅದೇ ಮೊದಲು.

"ಹೇಗೆ ಬರುದು? ಅವನಿಗೆ ಅಪ್ಪನ ಮುಖ ಕಡೆಗೂ ಸಿಗ್ಲಿಲ್ಲ. ಸಿಕ್ಕಿದ್ದು ಈ ಮನೆ ಮಾತ್ರ. ರಜೆಯಲ್ಲಿ ಬಂದ್ರೆ ಆ ಜಗಲಿಯಲ್ಲೇ ಚಾಪೆ ಹಾಕಿ ಮಲಗ್ತಾನೆ. ನನಗೆ ಇಲ್ಲಿ ಇರ್ಲಿಕ್ಕೆ ಆಗುದಿಲ್ಲ ಅಂತ ಅವನಿಗೆ ಹೇಗೆ ಹೇಳ್ಲಿ? ಸರಕಾರ ತೆಗೀತದೆ ಅಂತ ಆದಾಗ ನನಗೆ ಉಸಿರು ಬಂತು. ಯಾರೂ ಬಿಟ್ಟದ್ದಲ್ಲ, ಹೋದದ್ದು. ಯಾರ ಮೇಲೂ ತಪ್ಪಿಲ್ಲ. ನಿನ್ನ ಹತ್ರ ಬಂದು ಇರುವ ಅಂತ ಇದ್ದೆ." ಆಮೇಲೆ ಹೇಳಿದಳು: "ಒಂದು ಮಾತು ನನ್ನತ್ರ ಕೇಳ್ಬಹುದಿತ್ತು ಅಕ್ಕ."

ಕೇಳಬಹುದಿತ್ತು. ಅರ್ಜಿ ಬರೆಯುವಾಗಲೂ ಕೇಳಲಿಲ್ಲ, ಸಭೆಯಲ್ಲಿ ಎದ್ದಾಗಲೂ ಕೇಳಲಿಲ್ಲ, ಬಿ.ಸಿ. ರೋಡಿಗೆ ಹೋಗುವಾಗಲೂ ಕೇಳಲಿಲ್ಲ. ಹೋದ್ರೆ ಹೋಗ್ಲಿ ಎಂದು ಅವಳು ಹೇಳಿದ್ದಳು. ನನ್ನ ಕಿವಿಗೂ ಬಿದ್ದಿತ್ತು. ಮಗನ ಹತ್ತಿರ ನಾನು ಮಾತಾಡುತ್ತೇನೆ, ನಾನು ಹೇಳಿದರೆ ಕೇಳುತ್ತಾನೆ ಎಂದೆ. ಅವಳು ಬೇಡ ಎಂದು ತಲೆಯಾಡಿಸಿದಳು. ಎದ್ದು ಕುಡುಗೋಲು ತಂದು ಒಂದು ಗೋಣಿಯ ಹೊಲಿಗೆ ಬಿಚ್ಚತೊಡಗಿದಳು.

ಅಷ್ಟರಲ್ಲಿ ಅವಳ ಫೋನ್ ಬಡಿಯಿತು. ಶುಕ್ರವಾರ ಅವನಿಗೆ ರಜೆ, ವಿಡಿಯೋ ಕಾಲ್ ಮಾಡುತ್ತಾನೆ. ಸುದ್ದಿ ನೀನೇ ಹೇಳು ಎಂದು ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು. ಮನೆ ಹೋಗುವುದಿಲ್ಲ ಎಂದು ಹೇಳಿದೆ. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಗ್ಗಿದ. ಫೋನಿನಲ್ಲಿ ಸ್ವಲ್ಪ ಹೊತ್ತು ಅವನ ಕೋಣೆಯ ಗೋಡೆ ಮಾತ್ರ ಕಾಣುತ್ತಿತ್ತು. ಆಮೇಲೆ, "ದೊಡ್ಡಮ್ಮ, ನೀವು ಅಪ್ಪನನ್ನು ಉಳಿಸಿದ ಹಾಗೆ ಆಯ್ತು" ಎಂದ. ನಾನು ಹ್ಞೂಂ ಎಂದೆ. ಅಮ್ಮನಿಗೆ ಕೊಡಿ, ಜಗಲಿ ಒಮ್ಮೆ ತೋರಿಸಲಿ, ನೋಡಬೇಕು ಎಂದ.

ನಾನು ತೋರಿಸುತ್ತೇನೆ ಎಂದು ಏಳಲು ಹೊರಟೆ. ತಂಗಿ ಅಷ್ಟರಲ್ಲೇ ನನ್ನ ಕೈಯಿಂದ ಫೋನ್ ತೆಗೆದುಕೊಂಡು ನಡೆದಳು. ನಾನು ಹಿಂದೆಯೇ ಹೋದೆ. ಚಾವಡಿ ದಾಟಿ, ಎದುರಿನ ಬಾಗಿಲಿನ ಅಗುಳಿ ತೆಗೆದಳು. ಹೊಸ್ತಿಲ ಈಚೆಗೆ, ಬಾಗಿಲ ಪಕ್ಕದ ಗೋಡೆಗೆ ಹಣೆ ತಾಗಿಸಿ ನಿಂತಳು. ಕಣ್ಣು ಮುಚ್ಚಿದ್ದಳು. ಫೋನ್ ಹಿಡಿದ ಬಲಗೈಯನ್ನು ಮಾತ್ರ ಹೊರಗೆ ಚಾಚಿದಳು.

"ಸ್ವಲ್ಪ ಎಡಕ್ಕೆ, ಅಮ್ಮ" ಎಂದ ಮಗ.

ಅವಳು ಕೈಯನ್ನು ಎಡಕ್ಕೆ ತಿರುಗಿಸಿದಳು.